ಜೊತೆಗೆ ಯಾರು ಬಂದಿದ್ದಾರೆ

ಗೆರೆ ನೇರವಾಗಿದೆ ಎಂದಳು ರಫೂ ಅಕ್ಕ. ಇಲ್ಲ ಎಂದ ಇಸ್ತ್ರಿಯವನು.

“ಹಾವು ಹರಿದ ಹಾಗೆ ಹರಿದಿದೆ ಅಕ್ಕಾ. ಕಣ್ಣು ಬಿಟ್ಟು ನೋಡು.”

“ನಿನ್ನ ಕಣ್ಣಿಗೆ ಹಬೆ ಹೊಡೆದಿದೆ. ಹೋಗಿ ಮುಖ ತೊಳ್ಕೋ.”

ಬಟ್ಟೆ ಒಗೆದು ಇಸ್ತ್ರಿ ಮಾಡಿ ಕೊಡುವ ಅಂಗಡಿಯ ಹಿಂದಿನ ಕೋಣೆ ಅದು. ಒಂದು ಕಡೆ ಇಸ್ತ್ರಿ ಮೇಜು, ಇನ್ನೊಂದು ಕಡೆ ಕಿಟಕಿ. ಕಿಟಕಿಯ ಕೆಳಗೆ ರಫೂ ಅಕ್ಕನ ಕುರ್ಚಿ. ಮದುವೆಯಾದ ಹೊಸತರಲ್ಲಿ ಬಂದು ಅಲ್ಲಿ ಕೂತವಳು, ಐವತ್ತು ದಾಟಿದರೂ ಕೂತೇ ಇದ್ದಳು. ಅವಳ ಹೆಸರು ಅಂಗಡಿಯಲ್ಲಿ ಯಾರಿಗೂ ಬೇಕಾಗಿರಲಿಲ್ಲ. ರಫೂ ಮಾಡುತ್ತಾಳೆ, ರಫೂ ಅಕ್ಕ. ಅಷ್ಟೇ.

ರಫೂ ಎಂದರೆ ತೇಪೆಯಲ್ಲ. ತೇಪೆ ಕಾಣುತ್ತದೆ, ರಫೂ ಕಾಣಬಾರದು. ಅದೇ ಬಟ್ಟೆಯ ಒಳಮಡಿಕೆಯಿಂದ ನೂಲು ಬಿಚ್ಚಿಕೊಳ್ಳಬೇಕು. ತೂತಿನ ಮೇಲೆ ಒಂದೆಳೆ ಮೇಲೆ ಒಂದೆಳೆ ಕೆಳಗೆ ಎಂದು ನೇಯ್ದು ಮುಚ್ಚಬೇಕು. ಕೆಲಸ ಚೆನ್ನಾಗಿ ಆದರೆ ಗಿರಾಕಿ ತೂತು ಎಲ್ಲಿತ್ತೆಂದು ಹುಡುಕುತ್ತಾನೆ. ಸಿಗದಿದ್ದರೆ ಸುಮ್ಮನೆ ಹೋಗುತ್ತಾನೆ. ಅವಳಿಗೆ ಅದೇ ಹೊಗಳಿಕೆ.

ಅವತ್ತಿನದು ಚೌಕುಳಿ ಕೋಟು. ತೋಳಿನ ಮೇಲೆ ಸಿಗರೇಟಿನ ಕಿಡಿ ಬಿದ್ದು ತೂತಾಗಿತ್ತು. ಚೌಕುಳಿಯಲ್ಲಿ ರಫೂ ಮಾಡುವುದು ಕಷ್ಟ. ಗೆರೆ ಗೆರೆಗೆ ಸೇರಬೇಕು. ಅವಳು ಇಡೀ ದಿನ ಕೂತು ಸೇರಿಸಿದ್ದಳು.

ವಾದ ಕೇಳಿ ಮಾಲೀಕ ಒಳಗೆ ಬಂದ. ಕೋಟನ್ನು ಬೆಳಕಿಗೆ ಹಿಡಿದ. ಅಳತೆಯ ಕಬ್ಬಿಣದ ಕೋಲನ್ನು ತಂದು ತೋಳಿನ ಮೇಲೆ ಗೆರೆಯ ಪಕ್ಕಕ್ಕೆ ಇಟ್ಟ.

“ಈಗ ನೋಡು.”

ಅವಳು ನೋಡಿದಳು. ಬಗ್ಗಿ ನೋಡಿದಳು. ಆಮೇಲೆ ಹೇಳಿದಳು, “ಈ ಕೋಲೇ ಬಾಗಿದೆ.”

ಇಬ್ಬರು ಗಂಡಸರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಸ್ತ್ರಿಯವನು ನಗಲು ಹೊರಟವನು ನಗಲಿಲ್ಲ. ಇಸ್ತ್ರಿ ಪೆಟ್ಟಿಗೆಯ ಬಿಸಿ ಆರಲು ಅದನ್ನು ನಿಲ್ಲಿಸಿಟ್ಟು ಹತ್ತಿರ ಬಂದ.

“ಅಕ್ಕಾ, ಕಬ್ಬಿಣ ಅದು.”

ಅವಳು ಕಿಟಕಿಯ ಸರಳು ನೋಡಿದಳು. ನಡುವಿನ ಸರಳು ಹೊಟ್ಟೆ ಉಬ್ಬಿಸಿಕೊಂಡು ನಿಂತಿತ್ತು. ತಲೆ ಆಚೆ ತಿರುಗಿಸಿದರೆ ಆ ಹೊಟ್ಟೆ ಪಕ್ಕದ ಸರಳಿಗೆ ಹೋಯಿತು. ಆಗ ಅವಳಿಗೆ ತಾನು ಮಾಡಿದ್ದು ತಿಳಿಯಿತು. ಬಾಗಿದೆ ಎಂದು ಕಂಡ ನೂಲನ್ನೆಲ್ಲ ಎಳೆದೆಳೆದು ನೇರ ಮಾಡಿದ್ದಳು. ಅದು ಮೊದಲೇ ನೇರವಾಗಿದ್ದ ನೂಲು. ಕಣ್ಣಿನ ಸೊಟ್ಟವನ್ನು ತೆಗೆದು ಬಟ್ಟೆಗೆ ಇಟ್ಟಿದ್ದಳು.

ಗಿರಾಕಿ ಬಂದು ಮಾಲೀಕನಿಗೆ ಬಾಯಿಗೆ ಬಂದಂತೆ ಬೈದು ಹೋದ. ಮಾಲೀಕ ಅವಳಿಗೆ ಬೈಯಲಿಲ್ಲ. “ಕಣ್ಣು ತೋರಿಸ್ಕೊಂಡು ಬಾ. ಅಲ್ಲಿವರೆಗೆ ಗುಂಡಿ ಹಾಕು ಸಾಕು” ಎಂದ. ಬೈದಿದ್ದರೆ ಚೆನ್ನಾಗಿತ್ತು.

*

ಕಣ್ಣು ಕೆಟ್ಟದ್ದು ಅವತ್ತಲ್ಲ. ಗಂಡ ಸತ್ತ ಮೇಲೆ ಶುರುವಾಗಿತ್ತು.

ಗಂಡ ಒಂದು ದೊಡ್ಡ ಆಫೀಸು ಕಟ್ಟಡದಲ್ಲಿ ಲಿಫ್ಟು ನಡೆಸುತ್ತಿದ್ದ. ಮಾತೆಂದರೆ ಮಾತು. ಕೆಳಗಿನ ಮಹಡಿಯಲ್ಲಿ ಕಥೆ ಶುರು ಮಾಡಿದರೆ ಕೇಳುವವರು ಮಧ್ಯದಲ್ಲಿ ಇಳಿದು ಹೋಗುತ್ತಿದ್ದರು. ಉಳಿದದ್ದನ್ನು ಮನೆಗೆ ತಂದು ಹೆಂಡತಿಗೆ ಹೇಳುತ್ತಿದ್ದ. ಹಾಗಾಗಿ ಅವಳಿಗೆ ಊರಿನ ಎಲ್ಲ ಕಥೆಗಳ ಬಾಲ ಗೊತ್ತಿತ್ತು, ತಲೆ ಗೊತ್ತಿರಲಿಲ್ಲ. ಕೇಳುತ್ತಲೂ ಇರಲಿಲ್ಲ. ಅವನು ಮಾತಾಡುತ್ತಿದ್ದ, ಅವಳು ಹೂಂ ಎನ್ನುತ್ತಿದ್ದಳು. ಮಕ್ಕಳಿರಲಿಲ್ಲ. ಮನೆಗೆ ಬರುವವರು, ಹೋಗುವವರು, ನೆಂಟರು, ಎಲ್ಲ ಅವನ ಮಾತಿಗೆ ಬರುತ್ತಿದ್ದರು. ಅವಳ ಮಾತಿಗೆ ಯಾರೂ ಬರುವಂತಿರಲಿಲ್ಲ. ಅವಳು ಮಾತಾಡಿದರೆ ಕಡ್ಡಿ ಮುರಿದ ಹಾಗೆ.

ಒಂದು ಬೆಳಗ್ಗೆ ಅವನು ಕೆಲಸಕ್ಕೆ ಹೊರಡಲು ಬೆಲ್ಟು ಬಿಗಿಯುತ್ತಾ ಮಂಚದ ತುದಿಗೆ ಕೂತ. ಹಾಗೇ ಪಕ್ಕಕ್ಕೆ ಒರಗಿದ. ಅವಳು ಅಡುಗೆ ಮನೆಯಿಂದ ಹೂಂ ಎನ್ನುತ್ತಲೇ ಇದ್ದಳು. ಮಾತು ನಿಂತದ್ದು ಸ್ವಲ್ಪ ತಡವಾಗಿ ಗೊತ್ತಾಯಿತು.

ಅವನ ತಂಗಿ ಬಂದಳು. ಅಣ್ಣನ ಮೇಲೆ ಬಿದ್ದು ಬೀದಿಗೆಲ್ಲ ಕೇಳುವಂತೆ ಗೋಳಾಡಿದಳು. ರಫೂ ಅಕ್ಕ ಗೋಡೆಗೆ ಒರಗಿ ನಿಂತು ನೋಡಿದಳು. ಬಹಳ ಹೊತ್ತಾದ ಮೇಲೆ ಹೇಳಿದಳು, “ಸಾಕು ಮಾಡು. ಅವರಿಗೆ ಕೇಳಿಸಲ್ಲ.”

ನಾದಿನಿ ತಲೆ ಎತ್ತಿ ನೋಡಿದಳು. “ನೀನು ಮನುಷ್ಯಳಲ್ಲ ಅತ್ತಿಗೆ. ಕಲ್ಲು.”

ಮಾರನೇ ದಿನ ಹೋದವಳು ಮತ್ತೆ ಬರಲಿಲ್ಲ. ಫೋನೂ ಇಲ್ಲ.

ಅದಾದ ಮೇಲೆ ರಫೂ ಅಕ್ಕನ ಬಲಗಣ್ಣು ಕೆಂಪಾಯಿತು. ಒಳಗಿನಿಂದ ನೋವು, ಬೆಳಕು ಕಂಡರೆ ಚುಚ್ಚುತ್ತಿತ್ತು. ಪಕ್ಕದ ಮನೆಯವಳು ಕೈ ಹಿಡಿದುಕೊಂಡು, “ಎಷ್ಟು ಅಂತ ಅಳ್ತೀರಿ, ಆರೋಗ್ಯ ನೋಡ್ಕೊಳ್ಳಿ” ಎಂದಳು. ಅಂಗಡಿಯಲ್ಲೂ ಎಲ್ಲರೂ ಮೆತ್ತಗೆ ಮಾತಾಡಿದರು. ಅವಳು ಅತ್ತಿರಲಿಲ್ಲ. ಒಂದು ಹನಿಯೂ ಬಂದಿರಲಿಲ್ಲ. ಬರಲಿ ಎಂದು ಕಾದಿದ್ದಳು, ಬರಲಿಲ್ಲ. ಆದರೆ ಕಣ್ಣು ಕೆಂಪಗಿದ್ದದ್ದು ಒಂದು ಲೆಕ್ಕಕ್ಕೆ ಒಳ್ಳೆಯದೇ ಎಂದುಕೊಂಡಳು. ಕಲ್ಲು ಎನ್ನುವವರ ಬಾಯಿಗೆ ಬೀಗ. ಕೆಂಪು ಹೋಯಿತು, ಬಂತು, ಹೋಯಿತು. ಕಣ್ಣ ಮುಂದೆ ಸೊಳ್ಳೆ ಹಾರಿದಂತಾಯಿತು. ಕೈ ಬೀಸಿ ಓಡಿಸಿದಳು, ಓಡಲಿಲ್ಲ. ಯಾರಿಗೂ ಹೇಳಲಿಲ್ಲ. ಹೇಳಿದರೆ, ಅತ್ತದ್ದರಿಂದ ಅಲ್ಲ ಎಂದೂ ಹೇಳಬೇಕಾಗುತ್ತಿತ್ತು.

ಕೋಟು ಕೆಡುವ ತನಕ ತಿಂಗಳುಗಟ್ಟಲೆ ಹಾಗೇ ಬಿಟ್ಟಳು.

*

ಕಣ್ಣಾಸ್ಪತ್ರೆಯಲ್ಲಿ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಕಣ್ಣಿಗೆ ಹನಿ ಹಾಕಿಸಿ, ಗಲ್ಲ ಇಡಿಸಿ, ಬೆಳಕು ಬಿಟ್ಟು ನೋಡಿದಳು. ಯಂತ್ರದಲ್ಲಿ ಕಣ್ಣಿನ ಒಳಗಿನ ಚಿತ್ರ ತೆಗೆಸಿದಳು. ಪರದೆಯ ಮೇಲೆ ಬೆರಳಿಟ್ಟು ತೋರಿಸಿದಳು.

“ಕಣ್ಣಿನ ಹಿಂದೆ ಒಂದು ತೆಳು ಪದರ ಇರುತ್ತೆ. ನೋಟ ಬೀಳೋದು ಅದರ ಮೇಲೆ. ಅದರ ಮಧ್ಯೆ, ಇಲ್ಲಿ, ತಗ್ಗು ಇರಬೇಕು. ನಿಮಗೆ ಗುಡ್ಡ ಇದೆ ನೋಡಿ. ಕಣ್ಣೊಳಗೆ ಉರಿಯೂತ ಆಗಿ, ಅಲ್ಲಿ ನೀರು ತುಂಬಿ ಊದಿಕೊಂಡಿದೆ. ಗೋಡೆಗೆ ನೀರಿಳಿದರೆ ಬಣ್ಣ ಉಬ್ಬುತ್ತಲ್ಲ, ಹಾಗೆ. ಅದಕ್ಕೇ ಗೆರೆ ಬಾಗಿ ಕಾಣೋದು.”

“ಅತ್ತರೆ ಹೀಗಾಗುತ್ತಾ?”

“ಅಳೋದಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ. ಯಾಕೆ, ತುಂಬಾ ಅತ್ರಾ?”

“ಇಲ್ಲ.”

ರಕ್ತ ಪರೀಕ್ಷೆ ಆಯಿತು, ಎದೆಯ ಎಕ್ಸ್‌ರೇ ಆಯಿತು. ಬೇರೆ ರೋಗ ಅಡಗಿ ಕೂತು ಕಣ್ಣಿಗೆ ಹೀಗೆ ಮಾಡುತ್ತಿಲ್ಲ ಎಂದು ಗೊತ್ತಾಯಿತು. ಹನಿ ಹಾಕಿದರೆ ಕೆಂಪು ಹೋಯಿತು, ಊತ ಹೋಗಲಿಲ್ಲ. ಹನಿ ಅಷ್ಟು ಹಿಂದಕ್ಕೆ ಮುಟ್ಟುವುದಿಲ್ಲವಂತೆ. ಸ್ಟೀರಾಯ್ಡ್ ಮಾತ್ರೆ ಕೊಟ್ಟರು. ಅವಳಿಗೆ ಸಕ್ಕರೆ ಕಾಯಿಲೆ ಮೊದಲೇ ಇತ್ತು. ಮಾತ್ರೆ ನುಂಗಿದ್ದೇ ಸಕ್ಕರೆ ತಲೆಗೇರಿ ಕೂತಿತು. ಮಾತ್ರೆ ನಿಲ್ಲಿಸಿದರು.

“ಇನ್ನು ಇಂಜೆಕ್ಷನ್” ಎಂದಳು ಡಾಕ್ಟರಮ್ಮ. “ಅದೇ ಸ್ಟೀರಾಯ್ಡ್, ಆದರೆ ಮೈಗೆಲ್ಲ ಹೋಗಲ್ಲ. ಕಣ್ಣಿಗೇ ಕೊಡ್ತೀವಿ. ಕಣ್ಣಿನ ಪಕ್ಕದಲ್ಲೂ ಕೊಡಬಹುದು, ಕಣ್ಣೊಳಗೂ ಕೊಡಬಹುದು. ಒಳಗೆ ಕೊಟ್ಟರೆ ಊತ ಚೆನ್ನಾಗಿ ಇಳಿಯುತ್ತೆ. ಕಣ್ಣಿನ ಒತ್ತಡ ಏರಬಹುದು, ಪೊರೆ ಬೇಗ ಬರಬಹುದು, ಅದನ್ನ ನೋಡ್ಕೊಳ್ಳೋಣ. ತಡ ಮಾತ್ರ ಮಾಡಬೇಡಿ. ಊತ ಹಳೇದಾದರೆ ಆಮೇಲೆ ಏನು ಕೊಟ್ಟರೂ ನೋಟ ಪೂರ್ತಿ ವಾಪಸ್ ಬರಲ್ಲ.”

“ನಾಳೆ ಕೊಡಿ.”

“ಕೊಡ್ತೀನಿ. ಜೊತೆಗೆ ಯಾರು ಬರ್ತಾರೆ?”

ರಫೂ ಅಕ್ಕ ಪರದೆಯ ಮೇಲಿನ ಗುಡ್ಡವನ್ನೇ ನೋಡಿದಳು.

“ನಿಮ್ಮ ಎಡಗಣ್ಣು ಹುಟ್ಟಿನಿಂದಲೇ ಮಂದ. ಕೈ ಬೀಸಿದರೆ ಗೊತ್ತಾಗುತ್ತೆ, ಅಷ್ಟೇ. ಬಲಗಣ್ಣಿಗೆ ಇಂಜೆಕ್ಷನ್ ಕೊಟ್ಟು ಮುಚ್ಚಿ ಕಳಿಸಿದರೆ ರಸ್ತೆ ಹೇಗೆ ದಾಟ್ತೀರಿ? ಜೊತೆಗೆ ಒಬ್ಬರು ಇರಲೇಬೇಕು. ಇಲ್ಲದಿದ್ದರೆ ಕೊಡಲ್ಲ.”

“ಬರ್ತಾರೆ” ಎಂದಳು ರಫೂ ಅಕ್ಕ.

*

ಅಂಗಡಿಯಲ್ಲಿ ಇಸ್ತ್ರಿಯವನು ಎಲ್ಲ ಕೇಳಿಸಿಕೊಂಡ.

“ಕಣ್ಣಿಗೇ ಚುಚ್ತಾರಾ? ಜನ್ಮವಿಡೀ ಬಟ್ಟೆಗೆ ಚುಚ್ಚಿದ್ದೀಯ, ಒಂದು ಸಲ ನಿನಗೂ ಚುಚ್ಚಲಿ ಬಿಡು.” ನಕ್ಕು, ಅವಳು ನಗದ್ದು ನೋಡಿ, ದನಿ ತಗ್ಗಿಸಿದ. “ಜೊತೆಗೆ ನಾನು ಬರ್ಲಾ ಅಕ್ಕಾ?”

ಮುಂದಿನ ಕೋಣೆಯಿಂದ ಮಾಲೀಕ ಕೂಗಿದ, “ಇಬ್ಬರೂ ಹೋಗಿ. ನಾನು ಬೀಗ ಹಾಕ್ಕೊಂಡು ಮನೇಲಿ ಮಲಗ್ತೀನಿ.”

“ಬೇಡ” ಎಂದಳು ಅವಳು. “ನಮ್ಮೋರು ಇದ್ದಾರೆ.”

ಇಸ್ತ್ರಿಯವನು ಪೆಟ್ಟಿಗೆ ಎತ್ತಿದವನು ಹಾಗೇ ಹಿಡಿದುಕೊಂಡು ನಿಂತ. ಯಾರು ಎಂದು ಕೇಳಲಿಲ್ಲ.

ಪಕ್ಕದ ಮನೆಯವಳನ್ನು ಕೇಳಬಹುದಿತ್ತು. ಬಾಗಿಲ ತನಕ ಹೋದಳು. ಒಳಗೆ ಎಲ್ಲರೂ ಜೋರಾಗಿ ನಗುತ್ತಿದ್ದರು. ವಾಪಸ್ ಬಂದಳು. ಒಬ್ಬಳೇ ಹೋಗುವುದೆಂದು ತೀರ್ಮಾನಿಸಿದಳು. ಕಣ್ಣು ಮುಚ್ಚಿ ಕಳಿಸಿದರೆ ಗೋಡೆ ಹಿಡಿದುಕೊಂಡು ಬಂದರಾಯಿತು. ಅದಕ್ಕೇನು ಮಹಾ.

ಆಸ್ಪತ್ರೆಯಲ್ಲಿ ಅವಳಿಗೆ ಹಸಿರು ಟೋಪಿ ಹಾಕಿ ಒಳಗಿನ ಬೆಂಚಿನ ಮೇಲೆ ಕೂರಿಸಿದರು. ಕಣ್ಣು ಮರಗಟ್ಟಲು ಹನಿ ಹಾಕಿದರು. ಸಿಸ್ಟರ್ ಕೇಳಿದಳು, “ಜೊತೆಗೆ ಯಾರು ಬಂದಿದ್ದಾರಮ್ಮ?”

“ಯಜಮಾನರು. ಹೊರಗೆ ಕೂತಿದ್ದಾರೆ.”

ಅದು ಬಾಯಿಂದ ಹೇಗೆ ಬಂತೋ ಅವಳಿಗೇ ಗೊತ್ತಿಲ್ಲ. ಬೇರೆ ಏನಾದರೂ ಹೇಳಬಹುದಿತ್ತು. ಇಷ್ಟು ವರ್ಷ ಆ ಪ್ರಶ್ನೆಗೆ ಒಂದೇ ಉತ್ತರ ಹೇಳಿ ರೂಢಿಯಾಗಿತ್ತು.

“ಸರಿ. ಕನ್ನಡಕ, ಚೀಲ ಕೊಡಿ. ಅವರ ಕೈಗೆ ಕೊಡಿಸ್ತೀನಿ.” ಸಿಸ್ಟರ್ ಆಯಾಳನ್ನು ಕರೆದಳು.

ಆಯಾ ಚೀಲ ಹಿಡಿದು ಹೊರಗೆ ಹೋದಳು. ಬಾಗಿಲು ತೆರೆದೇ ಇತ್ತು. ಹೊರಗಿನ ಹಾಲಿನಲ್ಲಿ ಅವಳ ದನಿ ಕೇಳಿಸಿತು.

“ರಫೂ ಕೆಲಸದ ಅಮ್ಮ, ಅವರ ಯಜಮಾನರು ಯಾರ್ರೀ?”

ಹಾಲಿನಲ್ಲಿ ಕುರ್ಚಿ ಸರಿದ ಸದ್ದು. ಯಾರೋ ಕೆಮ್ಮಿದರು.

“ಬಲಗಣ್ಣಿನ ಇಂಜೆಕ್ಷನ್! ಯಜಮಾನರು! ಎಲ್ಲಿದ್ದೀರಿ? ಚಹಾ ಕುಡಿಯೋಕೆ ಹೋದರಾ?”

ರಫೂ ಅಕ್ಕ ಒಳಗೆ ಕೂತು ಕಿವಿಗೊಟ್ಟು ಕೇಳಿದಳು. ಅವನು ಕಂಬದ ಹತ್ತಿರ ಯಾರ ಜೊತೆಗೋ ಮಾತಿಗೆ ನಿಂತಿರುತ್ತಾನೆ, ಕೂಗಿದ್ದು ಕೇಳಿಸಿರುವುದಿಲ್ಲ ಎಂದು ಒಂದು ಗಳಿಗೆ ಅನ್ನಿಸಿತು. ನಿಜವಾಗಿ ಅನ್ನಿಸಿತು. ಇನ್ನೊಂದು ಸಲ ಜೋರಾಗಿ ಕೂಗಬಾರದೇ ಎಂದುಕೊಂಡಳು. ಆಯಾ ಇನ್ನೊಂದು ಸಲ ಕೂಗಿದಳು. ಯಾರೂ ಏಳಲಿಲ್ಲ.

ಅಳು ಬಂತು. ಮೂಗು ಬಾಯಿ ಎಲ್ಲದರಿಂದಲೂ ಬಂತು. ಮರಗಟ್ಟಿದ ಕಣ್ಣಿನಿಂದ ನೀರು ಇಳಿಯುವುದು ಗೊತ್ತಾಗುತ್ತಿರಲಿಲ್ಲ, ಕೆನ್ನೆಗೆ ಬಂದ ಮೇಲೆ ಗೊತ್ತಾಗುತ್ತಿತ್ತು.

“ಅಯ್ಯೋ, ಅಳಬೇಡಿ ಅಮ್ಮ, ಔಷಧಿ ಎಲ್ಲ ತೊಳೆದು ಹೋಗುತ್ತೆ!” ಸಿಸ್ಟರ್ ಹತ್ತಿ ತಂದಳು. “ಎಲ್ಲಿ ಹೋದರು ಅವರು?”

“ತೀರಿಕೊಂಡಿದ್ದಾರೆ.”

ಸಿಸ್ಟರ್ ಹತ್ತಿ ಹಿಡಿದುಕೊಂಡು ಅವಳ ಪಕ್ಕ ಬೆಂಚಿನ ಮೇಲೆ ಕೂತಳು. ಅವಳ ತಲೆಯ ಹಸಿರು ಟೋಪಿ ತೆಗೆದಳು.

ಡಾಕ್ಟರಮ್ಮ ಬಂದು ನಿಂತು ಹೇಳಿದಳು, “ಇವತ್ತು ಬೇಡ. ಇದೇ ವಾರದಲ್ಲಿ ಬನ್ನಿ. ಯಾರಾದರೂ ಸರಿ, ಒಬ್ಬರನ್ನ ಕರ್ಕೊಂಡು ಬನ್ನಿ. ನಿಮಗೆ ಇರೋದು ಅದೊಂದೇ ಕಣ್ಣು ಅಮ್ಮ.”

*

ನಾದಿನಿ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವವಳು. ಗಾಜಿನ ಹಿಂದೆ ಕೂತು ಮುಂಗಡ ಟಿಕೆಟ್ ಹರಿದು ಕೊಡುತ್ತಿದ್ದಳು. ಮನೆಗೆ ಹೋಗಿ ಕೇಳಲು ರಫೂ ಅಕ್ಕನಿಗೆ ಕಾಲು ಬರಲಿಲ್ಲ. ಬಾಗಿಲು ಹಾಕಿಕೊಂಡರೆ? ಇಲ್ಲಿ ಬಾಗಿಲೇ ಇಲ್ಲ. ಸಾಲಿನಲ್ಲಿ ನಿಂತಳು.

“ಎಲ್ಲಿಗೆ?” ನಾದಿನಿ ತಲೆ ಎತ್ತಲಿಲ್ಲ.

“ಕಣ್ಣಾಸ್ಪತ್ರೆಗೆ.”

ನಾದಿನಿ ತಲೆ ಎತ್ತಿದಳು. ಗಾಜಿನಾಚೆ ಅವಳ ಮುಖದ ಮಧ್ಯ ರಫೂ ಅಕ್ಕನಿಗೆ ಮಸಕಾಗಿ, ನೀರೊಳಗಿನ ಮುಖದ ಹಾಗೆ ಕಾಣುತ್ತಿತ್ತು. ಕಿವಿ ಮಾತ್ರ ಸ್ಪಷ್ಟವಾಗಿತ್ತು.

“ಅಲ್ಲಿಗೆ ಇಲ್ಲಿಂದ ಬಸ್ಸಿಲ್ಲ. ಮುಂದಿನವರು ಬನ್ನಿ.”

“ನನಗೆ ಕಣ್ಣಿಗೆ ಇಂಜೆಕ್ಷನ್ ಕೊಡಬೇಕಂತೆ. ಜೊತೆಗೆ ಒಬ್ಬರು ಬೇಕಂತೆ.”

“ಇಷ್ಟು ದಿನ ಇಲ್ಲದ ನೆನಪು ಇವತ್ತು ಬಂತೋ?”

“ನೆನಪಾಗಿ ಬಂದದ್ದಲ್ಲ. ಬೇರೆ ಯಾರೂ ಇಲ್ಲ.”

ಹಿಂದೆ ನಿಂತಿದ್ದ ಗಂಡಸು, “ಅಮ್ಮಾ, ಸಂಸಾರದ ಮಾತು ಮನೇಲಿಟ್ಕೊಳ್ಳಿ, ನನ್ನ ಬಸ್ ಹೊರಡ್ತಾ ಇದೆ” ಎಂದ.

“ನಿಮ್ಮ ಬಸ್ ಡ್ರೈವರ್ ಅಲ್ಲಿ ಹಲ್ಲಲ್ಲಿ ಕಡ್ಡಿ ಆಡಿಸ್ತಾ ನಿಂತಿದ್ದಾನೆ, ನೋಡಿ” ಎಂದಳು ನಾದಿನಿ. ಮತ್ತೆ ಅತ್ತಿಗೆಯ ಕಡೆ ತಿರುಗಿದಳು. “ಅತ್ತು ಅತ್ತು ಕಣ್ಣು ಹಾಳು ಮಾಡ್ಕೊಂಡೆಯಾ?”

ಹೂಂ ಎಂದಿದ್ದರೆ ಅಲ್ಲಿಗೆ ಎಲ್ಲ ಸರಿಹೋಗುತ್ತಿತ್ತು. ರಫೂ ಅಕ್ಕನಿಗೂ ಅದು ಗೊತ್ತಿತ್ತು.

“ಇಲ್ಲ. ಇದು ರೋಗ. ಅಳಲಿಲ್ಲ ನಾನು ಆಗ.”

“ಸುಳ್ಳಾದರೂ ಹೇಳಬಾರದಾ ಅತ್ತಿಗೆ?”

“ಸುಳ್ಳು ಮೊನ್ನೆ ಹೇಳಿ ನೋಡಿದೆ. ನಡೀಲಿಲ್ಲ.”

ನಾದಿನಿ ಗಾಜಿನ ತೂತಿನಿಂದ ಅವಳನ್ನೇ ನೋಡಿದಳು. ಬಲಗಣ್ಣು ನೋಡಿದಳು, ಎಡಗಣ್ಣು ನೋಡಿದಳು. ಆಮೇಲೆ, “ಯಾವತ್ತು?” ಎಂದಳು.

*

ಇಂಜೆಕ್ಷನ್ ದಿನ ನಾದಿನಿ ಮಾತಾಡದೆ ಬಂದಳು. ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತಳು, ಪಕ್ಕದಲ್ಲಿ ಜಾಗ ಇದ್ದರೂ. ಆಸ್ಪತ್ರೆಯಲ್ಲಿ ಚೀಲ, ಕನ್ನಡಕ ಕಸಿದುಕೊಂಡಂತೆ ತೆಗೆದುಕೊಂಡಳು.

ಒಳಗೆ ಮಲಗಿಸಿದರು. ಕಂದು ಬಣ್ಣದ ಔಷಧಿಯಿಂದ ಕಣ್ಣು ತೊಳೆದರು, ಉರಿಯಿತು. ಮುಖದ ಮೇಲೆ ಬಟ್ಟೆ ಹೊದಿಸಿದರು. ಬಟ್ಟೆಗೆ ಕಣ್ಣಿನ ಜಾಗದಲ್ಲಿ ದುಂಡಗೆ ತೂತು ಇತ್ತು. ತೂತಿನ ಅಂಚು ಹೊಲಿದಿರಲಿಲ್ಲ. ಜನ್ಮವಿಡೀ ತೂತು ಮುಚ್ಚಿದವಳು, ಅಂಚು ಬಿಡುತ್ತದಲ್ಲ ಎಂದುಕೊಂಡಳು. ರೆಪ್ಪೆ ಮುಚ್ಚದಂತೆ ಒಂದು ಕ್ಲಿಪ್ಪು ಹಾಕಿದರು.

“ಮೇಲೆ ನೋಡಿ. ಅಲುಗಾಡಬೇಡಿ. ಒಂದು ಸಲ ಒತ್ತಿದ ಹಾಗಾಗುತ್ತೆ.”

ಒತ್ತಿದ ಹಾಗಾಯಿತು. ನೋವಿಲ್ಲ. ಕಣ್ಣೊಳಗೆ ಯಾರೋ ಹಾಲು ಕದಡಿದಂತೆ ಬಿಳಿ ಎಳೆಗಳು ತೇಲಿ ಬಂದವು. ಅಷ್ಟೇ. ಇಷ್ಟಕ್ಕೆ ಇಷ್ಟು ಅಲೆದಾಟ.

“ಔಷಧಿಯೇ ಅದು, ತೇಲಾಡೋದು. ಕೆಲವು ದಿನ ಕಾಣುತ್ತೆ. ಹೆದರಬೇಡಿ” ಎಂದಳು ಡಾಕ್ಟರಮ್ಮ. “ಉಜ್ಜಬೇಡಿ. ನೋವು ಜಾಸ್ತಿ ಆದರೆ, ನೋಟ ಇದ್ದಕ್ಕಿದ್ದ ಹಾಗೆ ಕಮ್ಮಿ ಆದರೆ ತಕ್ಷಣ ಬರಬೇಕು. ನಾಳೆ ಒತ್ತಡ ನೋಡೋಣ.” ಅದೆಲ್ಲವನ್ನೂ, ಗೆರೆ ಬಾಗಿ ಕಂಡು ಕೋಟು ಕೆಟ್ಟದ್ದನ್ನೂ, ಹೊರಗೆ ಹೋಗಿ ನಾದಿನಿಗೂ ಹೇಳಿದಳು. ನಾದಿನಿ ಹೂಂ ಹೂಂ ಎಂದು ಕೇಳಿಸಿಕೊಂಡಳು.

ಕಣ್ಣಿಗೆ ಪಟ್ಟಿ ಹಾಕಿ ಕಳಿಸಿದರು. ಎಡಗಣ್ಣಿನಲ್ಲಿ ಬೆಳಕು, ನೆರಳು ಎರಡೇ. ನಾದಿನಿಯ ಮೊಣಕೈ ಹಿಡಿದುಕೊಂಡು ನಡೆದಳು. ನಾದಿನಿ ಬೇಕೆಂದೇ ಬೇಗ ನಡೆಯುತ್ತಿದ್ದಳು. ಬಸ್ಸಿನಲ್ಲಿ ಈ ಸಲ ಪಕ್ಕದಲ್ಲೇ ಕೂರಬೇಕಾಯಿತು. ಕಂಡಕ್ಟರ್ ಬಂದ. ಅವನು ನಾದಿನಿಗೆ ಪರಿಚಯದವನು.

“ಏನಕ್ಕಾ, ಯಾರಿವರು, ಕಣ್ಣಿಗೆ ಏನಾಯ್ತು?”

“ನಮ್ಮತ್ತಿಗೆ. ನೆಟ್ಟಗಿರೋ ಗೆರೆಯನ್ನ ಸೊಟ್ಟ ಮಾಡಿದಳಂತೆ, ಅದಕ್ಕೆ ಶಿಕ್ಷೆ. ಎರಡು ಟಿಕೆಟ್ ಕೊಡು. ಮೊನ್ನೆ ನಿಮ್ಮ ಡಿಪೋದಲ್ಲಿ ಏನಾಯ್ತು ಗೊತ್ತಾ, ಅಲ್ವಾ ಮತ್ತೆ, ಆ ಉದ್ದ ಮೀಸೆಯವನು...” ಎಂದು ಶುರು ಮಾಡಿದಳು.

ಕಂಡಕ್ಟರ್ ಮುಂದೆ ಹೋದ. ಕಥೆ ನಿಲ್ಲಲಿಲ್ಲ. ಮುಂದಿನ ಸೀಟಿನವಳಿಗೆ ತಿರುಗಿತು. ರಫೂ ಅಕ್ಕ ಕಣ್ಣು ಕಟ್ಟಿಕೊಂಡು ಕೂತು ಕೇಳಿದಳು. ಮಾತಿನ ಮಧ್ಯೆ “ಅಲ್ವಾ ಮತ್ತೆ” ಎನ್ನುವುದು, ಕೊನೆಯ ಮಾತನ್ನು ಎಳೆಯುವುದು, ತಾನೇ ಮೊದಲು ನಗುವುದು. ಗಂಡನದೇ ಧಾಟಿ. ಅಣ್ಣ ತಂಗಿ ಒಂದೇ ಥರ ಮಾತಾಡುತ್ತಾರೆಂದು ಇಷ್ಟು ವರ್ಷ ಅವಳಿಗೆ ಗೊತ್ತಿರಲಿಲ್ಲ. ಕಣ್ಣಿದ್ದಾಗ ನಾದಿನಿಯ ಮುಖ ನೋಡುತ್ತಿದ್ದಳು, ಮಾತು ಕೇಳಿಸಿಕೊಂಡಿರಲಿಲ್ಲ. ಅವಳು ಹೂಂ ಎಂದಳು. ನಾದಿನಿ ತನಗೇ ಹೂಂ ಎಂದಳೆಂದುಕೊಂಡು ಕಥೆಯನ್ನು ಅವಳ ಕಡೆ ತಿರುಗಿಸಿದಳು.

ಮನೆಯಲ್ಲಿ ನಾದಿನಿ ಅಡುಗೆ ಮನೆಗೆ ಹೋಗಿ ಪಾತ್ರೆಗಳನ್ನು ಕುಕ್ಕಿದಳು.

“ಸಕ್ಕರೆ ಎಲ್ಲಿಟ್ಟಿದ್ದೀಯ?”

“ಇಲ್ಲ. ನನಗೆ ಸಕ್ಕರೆ ಕಾಯಿಲೆ.”

“ನನಗಿಲ್ಲವಲ್ಲ! ಬಂದವರಿಗೆ ಏನು ಕೊಡ್ತೀಯ?”

“ಯಾರೂ ಬರಲ್ಲ. ಅದಕ್ಕೆ ತರಲ್ಲ.”

ಅಡುಗೆ ಮನೆಯ ಸದ್ದು ನಿಂತಿತು. ನಾದಿನಿ ಸಪ್ಪೆ ಚಹಾ ಎರಡು ಲೋಟ ತಂದು, ಒಂದನ್ನು ಅತ್ತಿಗೆಯ ಕೈಗೆ ಹಿಡಿಸಿ, ಬೆರಳು ಸರಿಯಾಗಿ ಸುತ್ತಿಸಿದಳು. ಕುಡಿದು, “ಥೂ, ಕಷಾಯ” ಎಂದಳು. ಆದರೂ ಪೂರ್ತಿ ಕುಡಿದಳು.

“ಈಗಲಾದರೂ ಅಣ್ಣನಿಗಾಗಿ ಅಳ್ತೀಯಾ?”

“ಡಾಕ್ಟರು ಬೇಡ ಅಂದಿದ್ದಾರೆ.”

ನಾದಿನಿಗೆ ನಗು ಬಂತು. ಬೇಡ ಬೇಡ ಎಂದರೂ ಬಂತು. ರಫೂ ಅಕ್ಕ ಆಸ್ಪತ್ರೆಯ ಬೆಂಚಿನ ಮೇಲೆ ಆದದ್ದನ್ನು ಹೇಳಬೇಕೆಂದುಕೊಂಡಳು. ಬಾಯಿ ತೆರೆದಳು. ಆಯಾ ಕೂಗಿದ್ದು, ತಾನು ಕಿವಿಗೊಟ್ಟು ಕೂತದ್ದು. ಎಲ್ಲಿಂದ ಶುರು ಮಾಡುವುದೆಂದು ತಿಳಿಯಲಿಲ್ಲ. ಕಥೆಯ ತಲೆ ಹಿಡಿಯುವುದು ಅವಳಿಗೆ ಬರುತ್ತಿರಲಿಲ್ಲ. ಚಹಾ ಕುಡಿದಳು.

ಮಾರನೇ ಬೆಳಗ್ಗೆ ಪಟ್ಟಿ ಬಿಚ್ಚಿದರು. ಒತ್ತಡ ಸರಿಯಾಗಿತ್ತು. ಆಸ್ಪತ್ರೆಯ ಬಾಗಿಲಲ್ಲೇ ನಾದಿನಿ ಕೆಲಸಕ್ಕೆ ಹೊರಟಳು. “ಮತ್ತೆ ಇಂಜೆಕ್ಷನ್ ಅಂದರೆ ಹೇಳು. ರಜೆ ಹಾಕ್ತೀನಿ” ಎಂದಳು.

*

ಬಿಳಿ ಎಳೆಗಳು ದಿನೇ ದಿನೇ ಕೆಳಗಿಳಿದು ಮಾಯವಾದವು. ಬಾಗಿಲ ಚೌಕಟ್ಟು ಮೊದಲು ನೆಟ್ಟಗಾಯಿತು, ಆಮೇಲೆ ಕಿಟಕಿಯ ಸರಳು. ಒತ್ತಡ ನಡುವೆ ಒಮ್ಮೆ ಏರಿತು. ಅದಕ್ಕೆ ಬೇರೆ ಹನಿ ಕೊಟ್ಟರು. ತಾನೇ ತಲೆ ಎತ್ತಿ ಹಾಕಿಕೊಳ್ಳುತ್ತಿದ್ದಳು. ಮೊದಲ ಹನಿ ಕೆನ್ನೆಗೆ ಬೀಳುತ್ತಿತ್ತು, ಎರಡನೆಯದು ಕಣ್ಣಿಗೆ. ಒತ್ತಡ ಇಳಿಯಿತು. ಮಾಲೀಕ ಮೊದಲು ಒಂದೇ ಬಣ್ಣದ ಬಟ್ಟೆ ಕೊಟ್ಟು ನೋಡಿದ, ಆಮೇಲೆ ಪಟ್ಟೆಯದು. ಇಸ್ತ್ರಿಯವನು ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು, “ತೂತು ಎಲ್ಲಿತ್ತು ಹೇಳು, ಬಡ್ಡಿಮಗಂದು ಕಾಣ್ತಾ ಇಲ್ಲ” ಎಂದು ಗೊಣಗಿದ.

ಕೆಲವು ತಿಂಗಳ ಮೇಲೆ ಡಾಕ್ಟರಮ್ಮ ಮತ್ತೆ ಚಿತ್ರ ತೆಗೆಸಿದಳು. ಪರದೆಯ ಮೇಲೆ ಗುಡ್ಡ ಇರಲಿಲ್ಲ. ತಗ್ಗು ಇತ್ತು.

“ಚೆನ್ನಾಗಿದೆ. ಮಧ್ಯದಲ್ಲಿ ಸ್ವಲ್ಪ ಮಸಕು ಉಳಿಯುತ್ತೆ, ತಡವಾಯ್ತಲ್ಲ. ಈಗ ಇಂಜೆಕ್ಷನ್ ಬೇಡ. ಊತ ಮತ್ತೆ ಬರೋದೂ ಉಂಟು. ಬಂದರೆ ಕೊಡೋಣ. ತಪಾಸಣೆಗೆ ಮಾತ್ರ ತಪ್ಪದೆ ಬನ್ನಿ. ಅದಕ್ಕೆ ಒಬ್ಬರೇ ಬಂದರೂ ಸಾಕು.”

“ಬೇಡವೇ ಬೇಡವಾ?” ಎಂದು ಕೇಳಿದಳು ರಫೂ ಅಕ್ಕ.

ಡಾಕ್ಟರಮ್ಮ ನಕ್ಕಳು. “ಕೇಳಿ ಹಾಕಿಸ್ಕೊಳ್ಳೋವ್ರನ್ನ ಇವತ್ತೇ ನೋಡಿದ್ದು.”

ಅವಳಿಗೆ ಸಂತೋಷವಾಯಿತು. ಆಸ್ಪತ್ರೆಯ ಮೆಟ್ಟಿಲು ಇಳಿಯುವ ತನಕ ಇತ್ತು. ರಸ್ತೆಯ ಆಚೆಯ ಬೋರ್ಡನ್ನು ಓದಿದಳು. ಬಸ್ಸಿನ ನಂಬರು ದೂರದಿಂದಲೇ ಕಂಡಿತು. ಮನೆಗೆ ಬಂದು ಮಂಚದ ಮೇಲೆ ಕೂತು ಫೋನ್ ಮಾಡಿದಳು. ನಾದಿನಿಯ ಹಿಂದೆ ನಿಲ್ದಾಣದ ಗದ್ದಲ ಕೇಳಿಸಿತು.

“ಹೇಳು ಅತ್ತಿಗೆ. ಮತ್ತೆ ಇಂಜೆಕ್ಷನ್ನಾ? ಯಾವತ್ತು?”

“ಇಲ್ಲ. ಬೇಡವಂತೆ. ಊತ ಹೋಗಿದೆಯಂತೆ.”

“ಓ” ಎಂದಳು ನಾದಿನಿ. “ಒಳ್ಳೇದೇ ಆಯ್ತಲ್ಲ.”

“ಹೂಂ. ಒಳ್ಳೇದೇ.”

“ಮತ್ತೆ?”

“ಮತ್ತೇನಿಲ್ಲ.”

ಸುಮ್ಮನೆ ಮನೆಗೆ ಬಾ ಎಂದು ಒಬ್ಬರನ್ನು ಕರೆಯುವುದು ಅವಳಿಗೆ ಗೊತ್ತಿರಲಿಲ್ಲ. ಕರೆಯುವ ಕೆಲಸವೆಲ್ಲ ಗಂಡನದಾಗಿತ್ತು. ಅವಳಿಗೆ ಸಿಕ್ಕಿದ್ದು ಒಂದು ಕಾರಣ, ಅದು ವಾಸಿಯಾಗಿತ್ತು.

ಗಾಜಿನಾಚೆ ಯಾರೋ ಟಿಕೆಟ್ಟಿಗೆ ಕೂಗುತ್ತಿದ್ದರು. “ಇರಿ ಸ್ವಾಮಿ, ನಿಮ್ಮನ್ನ ಬಿಟ್ಟು ಹೋದರೆ ಬಸ್ಸಿಗೂ ಬೇಜಾರಾಗುತ್ತೆ” ಎಂದು ನಾದಿನಿ ಅವರಿಗೆ ಹೇಳಿದಳು. ಆಮೇಲೆ ಫೋನಿಗೆ, “ಅತ್ತಿಗೆ, ಇದ್ದೀಯಾ?”

“ಇದ್ದೀನಿ.”

“ಏನೋ ಹೇಳೋಕಿತ್ತಾ?”

“ಇಲ್ಲ.”

“ಇಡ್ಲಾ ಹಾಗಾದರೆ?”

ರಫೂ ಅಕ್ಕ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ನಾದಿನಿಯೂ ಇಡಲಿಲ್ಲ. ಬಸ್ಸುಗಳು ಹೊರಡುವ ಸದ್ದು, ಟಿಕೆಟ್ ಹರಿಯುವ ಸದ್ದು, “ಎಲ್ಲಿಗೆ, ಎಷ್ಟು ಜನ” ಎಂದು ನಾದಿನಿ ಒಬ್ಬೊಬ್ಬರನ್ನೇ ಕೇಳುವುದು, ಎಲ್ಲ ಈ ಕಡೆಗೆ ಕೇಳಿಸುತ್ತಿತ್ತು. ಅವಳು ಎಲ್ಲವನ್ನೂ ಕೇಳಿದಳು. ನಡುನಡುವೆ ಹೂಂ ಎಂದಳು.